ಒಂದು ನನಗೆ, ಒಂದು ಅವರಿಗೆ

ತರಾಜ್
ಫೆಬ್ರವರಿ 18, 2018

ಪ್ರೀತಿಯ ಮಗಳು ಮೊಲ್ದಿರ್‌ಗೆ,

ಕಾಗದ ನೋಡಿ ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ನಿನ್ನ ಗಂಡ ಸಾಮತ್ ಎರಡು ಹೊತ್ತೂ ಮೊಟ್ಟೆ ಹುರಿದುಕೊಂಡು ತಿನ್ನುತ್ತಿದ್ದಾನೆ. ನಾನು ಮಾಡಿದ್ದನ್ನು ಮುಟ್ಟುವುದಿಲ್ಲ. ಅದು ಅವನ ಸಿಟ್ಟು. ನಿನ್ನ ಅತ್ತೆ, ಅಂದರೆ ನಾನು, ಗಟ್ಟಿಯಾಗಿಯೇ ಇದ್ದೇನೆ, ಬಾಯಿಗೆ ಮಾತ್ರ ಸ್ವಲ್ಪ ರಜೆ ಕೊಟ್ಟಿದ್ದೇನೆ.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನುತ್ತೀಯೇನೋ. ನೀನು ಎತ್ತುವುದಿಲ್ಲವೆಂದು ಮಾತನ್ನು ಫೋನಿಗೆ ತುಂಬಿಸಿ ಕಳಿಸಲು ನೋಡಿದೆ. ಪ್ರತಿ ಸಲವೂ ತಪ್ಪಾಯಿತು ಎಂದು ಶುರುವಾಗಿ, ಅರ್ಧಕ್ಕೆ ಬರುವಷ್ಟರಲ್ಲಿ ಚೌಕಾಸಿಗಿಳಿದು, ಕೊನೆಗೆ ನಾನೇ ಗೆದ್ದಿರುತ್ತಿದ್ದೆ. ಎಲ್ಲವನ್ನೂ ಅಳಿಸಿದೆ. ನಾನು ದುಡಿಯುತ್ತಿದ್ದ ಸಕ್ಕರೆ ಕಾರ್ಖಾನೆ ಮುಚ್ಚಿದ ವರ್ಷದಿಂದ ಬಜಾರಿನಲ್ಲಿ ಶಾಲು ಮಾರಿಕೊಂಡು ಬಂದ ನಾಲಿಗೆ ಇದು. ಎದುರಿಗಿರುವವರು ತೆಪ್ಪಗಾಗುವವರೆಗೆ ನಿಲ್ಲುವುದಿಲ್ಲ. ಪೆನ್ನಿಗೆ ಆ ಚಾಳಿಯಿಲ್ಲ. ಬೇಗ ಸುಸ್ತಾಗುತ್ತದೆ.

ಶಿಮ್ಕೆಂತ್‌ನ ಆಸ್ಪತ್ರೆಯಲ್ಲಿ ಆದದ್ದನ್ನು ನಾನು ಕಂಡ ಹಾಗೆ ಬರೆಯುತ್ತೇನೆ. ಮಗುವಿಗಾಗಿ ನೀನು ಮಾಡಿಸಿಕೊಂಡ ಚಿಕಿತ್ಸೆ ಎರಡು ಸಲ ಕೈಕೊಟ್ಟಿತ್ತು. ಈ ಸಲ ಡಾಕ್ಟರ್ ರೌಶನ್ ನಮ್ಮಿಬ್ಬರನ್ನೂ ಕೂರಿಸಿಕೊಂಡು, ಮೂರು ಒಳ್ಳೆಯ ಭ್ರೂಣ ಸಿಕ್ಕಿವೆ, ಮೂರನ್ನೂ ಶೈತ್ಯದಲ್ಲಿಟ್ಟಿದ್ದೇವೆ, ಮುಂದಿನ ತಿಂಗಳು ಒಂದನ್ನು ಗರ್ಭದಲ್ಲಿ ಇಡೋಣ ಎಂದರು. ನೀನು ಕಣ್ಣೊರೆಸಿಕೊಂಡೆ. ನನ್ನ ಕಿವಿಗೆ ಮೂರು ಎಂಬುದೊಂದೇ ಬಿತ್ತು. ಮಾಲು ಮೂರಿದ್ದಾಗ ಒಂದನ್ನೇ ಏಕೆ ಹೊರಗೆ ತೆಗೆಯಬೇಕು?

"ಎರಡಿಡಿ ಡಾಕ್ಟ್ರೇ," ಎಂದೆ. "ಒಂದು ನನಗೆ, ಒಂದು ಅವ್ರಿಗೆ."

"ಅಪಾ, ಇದು ಶಾಲಿನಂಗಡಿ ಅಲ್ಲ," ಎಂದರು ಆಕೆ, ಹಿರಿಯಳೆಂಬ ಮರ್ಯಾದೆಗೆ ಅಪಾ ಸೇರಿಸಿ. "ಒಂದೇ ಇಡೋದು. ಅವಳಿ ಆದ್ರೆ ಇವ್ರ ರಕ್ತದೊತ್ತಡಕ್ಕೆ ಒಳ್ಳೇದಲ್ಲ."

ನಮ್ಮ ಕಡೆಯ ಹೆಂಗಸರು ಅವಳಿ ಹೆತ್ತು ಮಾರನೆಯ ದಿನವೇ ಕುದುರೆ ಹಾಲು ಕರೆದಿದ್ದಾರೆ ಎಂದು ನಾನು ಶುರುಮಾಡಿದೆ. ಯಾರೆಂದು ಕೇಳಿದ್ದರೆ ಒಂದು ಹೆಸರೂ ಹೇಳಲು ಬರುತ್ತಿರಲಿಲ್ಲ. ಆಮೇಲೆ ಚೊಚ್ಚಲ ಮಗು ಅಜ್ಜಿಯ ಮಡಿಲಿನದು, ಅದು ಅಜ್ಜಿಯನ್ನು ಅಮ್ಮ ಎನ್ನಬೇಕು, ಹೆತ್ತವಳನ್ನು ಅತ್ತಿಗೆ ಎನ್ನಬೇಕು, ಈ ರೂಢಿಯನ್ನು ನಾನು ಮಾಡಿದ್ದಲ್ಲ ಎಂದು ಉಪನ್ಯಾಸ ಕೊಟ್ಟೆ. ಎರಡು ಹುಟ್ಟಿದರೆ ರೂಢಿಯೂ ಉಳಿಯಿತು, ಸೊಸೆಗೂ ಒಂದು ಉಳಿಯಿತು. ಇಷ್ಟು ಧಾರಾಳದ ಅತ್ತೆ ಇಡೀ ತರಾಜ್‌ನಲ್ಲಿ ಇನ್ನೊಬ್ಬಳಿಲ್ಲ ಎಂದೇ ಆಗ ನಂಬಿದ್ದೆ.

ನೀನು ಎದ್ದು ಹೋದೆ. ಆಸ್ಪತ್ರೆಯ ಪಡಸಾಲೆಯಲ್ಲಿ ಕೋಟಿನ ಗುಂಡಿ ಹಾಕಿಕೊಳ್ಳುತ್ತ ನೀನಾಡಿದ ಮಾತು, ಮೊಲ್ದಿರ್, ನನ್ನ ಸೊಸೆಯಾಗಿ ಬಂದ ಮೇಲೆ ನೀನು ನನ್ನೆದುರು ಆಡಿದ ಅತಿ ಉದ್ದದ ಮಾತು.

"ಅಪಾ, ಸೂಜಿ ಚುಚ್ಚಿಸ್ಕೊಂಡಿದ್ದು ನಾನು. ಎರಡು ಸಲ ಎಲ್ಲಾ ಹರಿದು ಹೋದಾಗ ಬಚ್ಚಲಲ್ಲಿ ಬಾಗಿಲು ಹಾಕ್ಕೊಂಡು ಕೂತಿದ್ದೂ ನಾನು. ನನ್ನ ಕೂಸು ನನ್ನನ್ನ ಅತ್ತಿಗೆ ಅಂತ ಕರೆಯೋದೇ ಆದ್ರೆ, ಅದು ಅಲ್ಲೇ ತಣ್ಣಗೆ ಇರ್ಲಿ ಬಿಡಿ."

ಅಲ್ಲಿಂದ ನೇರ ಕರಾತಾವ್‌ಗೆ, ತಾಯಿಯ ಮನೆಗೆ ಹೊರಟುಬಿಟ್ಟೆ. ದನಿ ಎತ್ತಲೂ ಇಲ್ಲ. ಎತ್ತಿದ್ದರೆ ನನಗೂ ಒಂದು ನೆಪ ಸಿಗುತ್ತಿತ್ತು.

ನನಗೆ ಬಂದದ್ದು ಪಶ್ಚಾತ್ತಾಪ ಎಂದುಕೊಳ್ಳಬೇಡ, ಸಿಟ್ಟು. ಬಜಾರಿಗೆ ಬಂದರೆ ಪಕ್ಕದ ಅಂಗಡಿಯ ರಬಿಗಾ ಸುದ್ದಿ ಹಿಡಿದುಕೊಂಡೇ ಕೂತಿದ್ದಳು. "ಆಸ್ಪತ್ರೆ ಖರ್ಚು ನಿಂದು, ಮಗು ಮಾತ್ರ ಅವಳ್ದಾ? ಮುದುಕಿ ಆದ್ಮೇಲೆ ನಿಂಗೆ ವ್ಯಾಪಾರ ಮರ್ತೋಯ್ತು ನೋಡು," ಎಂದಳು. ಕುಟುಕಿದ ಹಾಗಾಯಿತು. ಮಾರನೆಯ ದಿನವೇ ಅಂಗಡಿಗೆ ಬೀಗ ಹಾಕಿ, ಒಂದು ತೀರ್ಮಾನ ಮಾಡಿಸಿಕೊಂಡೇ ಬರುತ್ತೇನೆಂದು ಒಬ್ಬಳೇ ಶಿಮ್ಕೆಂತ್‌ಗೆ ಹೋದೆ. ಡಾಕ್ಟರಿಗೆ ಎಂದು ಒಂದು ಚೀಲ ಕುರ್ತ್ ಬೇರೆ, ನಾನೇ ಒಣಗಿಸಿದ ಉಪ್ಪುಮೊಸರಿನ ಉಂಡೆಗಳು. ಆಕೆ ಒಂದು ಉಂಡೆ ತೆಗೆದು ಬಾಯಿಗೆ ಹಾಕಿಕೊಂಡು, ಉಳಿದ ಚೀಲವನ್ನು ನನ್ನ ಕಡೆಗೇ ತಳ್ಳಿದರು. ಲಂಚಕ್ಕೆ ಉಪ್ಪು ಜಾಸ್ತಿಯಾಗಿದೆಯಂತೆ.

ನಿನ್ನ ವಿಷಯ ಆಕೆ ಒಂದಕ್ಷರವನ್ನೂ ಆಡಲಿಲ್ಲ, ಇದು ನಿನಗೆ ಗೊತ್ತಿರಲಿ. ಎಷ್ಟು ತಿರುಗಿಸಿ ಕೇಳಿದರೂ, ಮೊಲ್ದಿರ್ ವಿಷಯ ಮೊಲ್ದಿರ್ ಹತ್ತಿರವೇ ಕೇಳಿ, ದುಡ್ಡು ಕೊಟ್ಟವರೆಲ್ಲ ರೋಗಿಯಾಗುವುದಿಲ್ಲ ಎಂದರು. ಎಲ್ಲರಿಗೂ ಸಲ್ಲುವ ಮಾತಾದರೆ ಹೇಳುತ್ತೇನೆಂದು ಬಿಡಿಸಿ ಹೇಳಿದರು. ಎರಡು ಭ್ರೂಣ ಇಟ್ಟರೆ ಬಸಿರು ನಿಲ್ಲುವ ಸಂಭವ ಎರಡರಷ್ಟಾಗುವುದಿಲ್ಲ, ಸ್ವಲ್ಪ ಏರುತ್ತದೆ ಅಷ್ಟೆ. ನಿಜಕ್ಕೂ ಏರುವುದು ಅಪಾಯ. ದಿನ ತುಂಬುವ ಮೊದಲೇ ಹೆರಿಗೆ, ಅಂಗೈಯಷ್ಟು ಕೂಸುಗಳು, ತಾಯಿಗೆ ಫಿಟ್ಸು. ಒಂದೊಂದಾಗಿ ಇಟ್ಟುಕೊಂಡು ಹೋದರೆ ಕೊನೆಗೆ ಮಡಿಲಿಗೆ ಬರುವ ಮಕ್ಕಳು ಹೆಚ್ಚುಕಡಿಮೆ ಅಷ್ಟೇ, ಆದರೆ ಗಟ್ಟಿಮುಟ್ಟು. ಊರೂರಿನ ಸಾವಿರಾರು ಹೆಂಗಸರನ್ನು ನೋಡಿ ಬರೆದಿಟ್ಟ ಲೆಕ್ಕವಂತೆ ಇದು. ಲೆಕ್ಕ ಎಂದ ಮೇಲೆ ನನಗೆ ಅರ್ಥವಾಯಿತು. ಲಾಭ ಮುಷ್ಟಿಯಷ್ಟು, ನಷ್ಟ ಮೂಟೆಯಷ್ಟು. ಇಂಥ ಮಾಲಿಗೆ ನಾನೂ ಕೈ ಹಾಕುವವಳಲ್ಲ.

ಇನ್ನೊಂದು ಮಾತು. ಎಲ್ಲ ಸಿದ್ಧವಾಗಿ ಮೇಜಿನ ಮೇಲೆ ಮಲಗಿದ ಮೇಲೂ ಹೆಂಗಸು ಬೇಡ ಅಂದರೆ ಬೇಡವೇ, ಅಲ್ಲಿಗೆ ನಿಲ್ಲಿಸುತ್ತೇವೆ ಎಂದರು. ಹಾಗಾದರೆ ಶೈತ್ಯದಲ್ಲಿಟ್ಟಿರುವುದು ಕೆಡುವುದಿಲ್ಲವೇ ಎಂದೆ. ಕೆಡುವುದಿಲ್ಲ, ಅವಕ್ಕೆ ಆತುರವಿಲ್ಲ, ಆತುರವೆಲ್ಲ ಹೊರಗೆ ಕೂತವರಿಗೆ ಎಂದು ನನ್ನನ್ನು ನೋಡಿ ನಕ್ಕರು.

ಎದ್ದು ಬರಬೇಕಿತ್ತು. ಕುಟುಕಿಸಿಕೊಳ್ಳದೆ ಬಂದರೆ ನನಗೆ ಸಮಾಧಾನವಿಲ್ಲವಲ್ಲ. ನೀವೂ ನಮ್ಮವರೇ, ನಮ್ಮ ರೂಢಿ ಅಷ್ಟು ಕೆಟ್ಟದ್ದೇ, ಎಂದು ಕೇಳಿದೆ.

"ಕೆಟ್ಟದ್ದು ಅಂತ ಯಾರಂದ್ರು? ನಾನೇ ಅಜ್ಜಿ ಮಗಳು," ಎಂದರು. "ಅಜ್ಜಿ ನನ್ನನ್ನ ನೆಲಕ್ಕೆ ಬಿಡ್ದೆ ಸಾಕಿದ್ಲು. ಇಷ್ಟು ಓದ್ಸಿದ್ದೂ ಅವಳೇ. ಹೆತ್ತೋಳ ಮನೆಗೆ ಈಗ್ಲೂ ಹೋಗ್ತೀನಿ. ನಾನು ಹೋದ್ರೆ ಅವಳು ಬೀರು ತೆಗೆದು ನೆಂಟರ ಬಟ್ಟಲಲ್ಲಿ ಚಹಾ ಕೊಡ್ತಾಳೆ. ತಮ್ಮಂದ್ರು ಬಂದ್ರೆ ಒಲೆ ಹತ್ರ ಇರೋ ಬಟ್ಟಲು ಸಾಕಾಗುತ್ತೆ."

ತೀರ್ಮಾನ ಮಾಡಿಸಿಕೊಳ್ಳದೆಯೇ ಎದ್ದುಬಿಟ್ಟೆ. ನನಗೇ ಆಶ್ಚರ್ಯ. ಕುರ್ತ್ ಚೀಲವನ್ನು ಅಲ್ಲೇ ಬಿಟ್ಟು ಹೊರಗೆ ಬಂದು, ಮನೆಯ ಬಸ್ಸು ಹತ್ತಿದೆ.

ಏಕೆಂದು ಹೇಳುತ್ತೇನೆ. ಅಲ್ಮಾಟಿಯಲ್ಲಿರುವ ಗುಲ್ಸಿಮ್ ನಿನಗೆ ಗೊತ್ತು: ನಿನ್ನ ಮಾವನ ಕೊನೆಯ ತಂಗಿ, ಸಾಮತನ ಸೋದರತ್ತೆ. ಅವಳು ಬಂದಾಗೆಲ್ಲ ನೀನು ತಲೆಬಾಗಿ ಚಹಾ ಬಗ್ಗಿಸುತ್ತೀಯ. ಅವಳು ನನ್ನ ಮಗಳು, ಮೊಲ್ದಿರ್. ನನ್ನ ಚೊಚ್ಚಲು.

ನನಗೆ ಆಗ ಇಪ್ಪತ್ತು. ಹಾಲು ಬಿಡಿಸುವ ಮೊದಲೇ ನನ್ನ ಅತ್ತೆ ಬಂದು ಕೂಸನ್ನು ಹಳ್ಳಿಗೆ ಎತ್ತಿಕೊಂಡು ಹೋದರು. ನನಗೆ ಕಾರ್ಖಾನೆಯ ಕೆಲಸವಿತ್ತು, ರೂಢಿಯೂ ಇತ್ತು, ಯಾರೂ ಅತ್ತಿದ್ದು ನೆನಪಿಲ್ಲ. ಅತ್ತೆ ಕೆಟ್ಟವರಲ್ಲ. ಹುಡುಗಿಯನ್ನು ಚಿನ್ನದ ಹಾಗೆ ನೋಡಿಕೊಂಡರು, ತಮ್ಮ ಮಗಳೆಂದೇ ಸರ್ಕಾರಿ ಪುಸ್ತಕದಲ್ಲಿ ಬರೆಸಿದರು. ಮೊದಲ ಸಲ ಅವಳು ನನ್ನನ್ನು ಅತ್ತಿಗೆ ಎಂದು ಕರೆದಾಗ ಎಲ್ಲರೂ ಚಪ್ಪಾಳೆ ತಟ್ಟಿದರು, ಮಾತು ಎಷ್ಟು ಸ್ಪಷ್ಟ ಎಂದು. ನಾನೂ ತಟ್ಟಿದೆ. ದೊಡ್ಡವಳಾದ ಮೇಲೆ ಯಾರೋ ಅವಳಿಗೆ ನಿಜ ಹೇಳಿದರು. ಅವಳಿಗೆ ಗೊತ್ತೆಂದು ನನಗೆ ಗೊತ್ತು. ಇಬ್ಬರೂ ಒಮ್ಮೆಯೂ ಅದನ್ನು ಎತ್ತಿಲ್ಲ. ಬಂದರೆ ಹವಾಮಾನ ಮಾತಾಡುತ್ತೇವೆ.

ನೋಡು, ನನ್ನ ಲೆಕ್ಕ ಇದ್ದದ್ದು ಹೀಗೆ: ಒಂದು ಕೊಟ್ಟಿದ್ದೇನೆ, ಆದ್ದರಿಂದ ಒಂದು ಬರಬೇಕು. ಕೊಟ್ಟವಳು ನಾನು, ತೆಗೆದುಕೊಂಡವರು ನನ್ನ ಅತ್ತೆ, ವಸೂಲಿ ಮಾತ್ರ ನಿನ್ನಿಂದ. ಇಂಥ ಲೆಕ್ಕ ಬರೆಯುವ ಗುಮಾಸ್ತ ನನ್ನ ಅಂಗಡಿಯಲ್ಲಿದ್ದರೆ ಅದೇ ದಿನ ಹೊರಗೆ ಹಾಕುತ್ತಿದ್ದೆ.

ಆದ್ದರಿಂದ ಬರೆದುಕೊಡುತ್ತಿದ್ದೇನೆ. ನಿನಗೆ ಹುಟ್ಟುವ ಮಗು, ಚೊಚ್ಚಲಾಗಲಿ ಕೊನೆಯದಾಗಲಿ, ನಿನ್ನದು. ಅದು ನಿನ್ನನ್ನು ಅಮ್ಮ ಎನ್ನಲಿ, ನನ್ನನ್ನು ಅಜ್ಜಿ ಎನ್ನಲಿ. ನೀನು ಕರೆದಾಗ ಬಂದು ಎತ್ತಿಕೊಳ್ಳುತ್ತೇನೆ, ಅಳತೊಡಗಿದರೆ ವಾಪಸು ಕೊಡುತ್ತೇನೆ. ಈ ಕಾಗದವನ್ನು ಭದ್ರವಾಗಿಡು. ಕೂಸಿನ ಮುಖ ಕಂಡ ದಿನ ನನಗೆ ಮತ್ತೆ ಚೌಕಾಸಿ ಹುಟ್ಟಿಕೊಳ್ಳಬಹುದು, ನನ್ನನ್ನು ನಾನು ಬಲ್ಲೆ. ಆಗ ಇದನ್ನು ನನ್ನ ಮೂಗಿನ ಮುಂದೆ ಹಿಡಿ.

ಮಗು ಬೇಕೋ ಬೇಡವೋ, ಬೇಕಾದರೆ ಯಾವಾಗ, ಅದು ನಿನ್ನದೂ ಸಾಮತನದೂ. ನಾನು ಇನ್ನು ಆ ಕೋಣೆಯೊಳಗೆ ಬರುವುದಿಲ್ಲ. ಗುಲ್ಸಿಮ್ ವಿಷಯವನ್ನು ನಿನ್ನೆ ಸಾಮತ್‌ಗೆ ಹೇಳಿದೆ. ಒಲೆಯ ಮೇಲೆ ಮೊಟ್ಟೆ ಕರಕಲಾಯಿತು. ಆಮೇಲೆ ತನಗೊಂದು, ನನಗೊಂದು ಬಟ್ಟಲು ಚಹಾ ಬಗ್ಗಿಸಿ ತಂದು ಎದುರಿಗೆ ಕೂತ. ರಬಿಗಾಗೂ ಹೇಳಿದೆ, ಮಗು ಸೊಸೆಯದೇ ಎಂದು. ನನಗೆ ಅರಳುಮರಳು ಅಂತ ಅವಳು ಬಜಾರಿಗೆಲ್ಲ ಸಾರುತ್ತಿದ್ದಾಳೆ. ಒಳ್ಳೆಯದೇ, ಇನ್ನು ನಾನು ಮಾತು ಬದಲಿಸುವ ಹಾಗಿಲ್ಲ.

ನಿನ್ನ ತಾಯಿಗೆ ನನ್ನ ನಮಸ್ಕಾರ. ನಿನ್ನನ್ನು ಕಳಿಸಿ ಎಂದು ಅವರನ್ನು ಕೇಳುವುದಿಲ್ಲ. ಮನಸ್ಸಾದಾಗ ನೀನೇ ಬಾ.

ಇಂತಿ,
ನಿನ್ನ ಮಗುವಿಗೆ ಅಜ್ಜಿಯಷ್ಟೇ ಆಗಲು ಒಪ್ಪಿದ
ಕುಲಾಂದ

ಮರೆತ ಮಾತು: ಇದರಲ್ಲಿ ಗುಲ್ಸಿಮ್‌ಳ ಕಥೆಯೂ ಇರುವುದರಿಂದ ಅಂಚೆಗೆ ಹಾಕುವ ಮೊದಲು ಅವಳಿಗೆ ಫೋನ್ ಮಾಡಿ ಎಲ್ಲ ಓದಿ ಹೇಳಿ, ಕಳಿಸಲೇ ಎಂದು ಕೇಳಿದೆ. "ಕಳ್ಸಿ. ನನಗೂ ಒಂದು ಬರೀರಿ," ಎಂದಳು. ಅತ್ತಿಗೆ ಎನ್ನಲಿಲ್ಲ. ಬೇರೇನೂ ಎನ್ನಲಿಲ್ಲ. ಹೊಸ ಹಾಳೆ ತೆಗೆದು "ಪ್ರೀತಿಯ ಮಗಳು ಗುಲ್ಸಿಮ್‌ಗೆ" ಎಂದು ಬರೆದಿದ್ದೇನೆ. ಇಷ್ಟು ಮಾತಾಡುವವಳಿಗೆ ಅದರ ಮುಂದಿನ ಸಾಲು ಬರುತ್ತಿಲ್ಲ.