ನಿಲ್ದಾಣದ ಮೂತ್ರಾಲಯದ ಜನವೆಲ್ಲ ನನ್ನ ಸಲೂನಿಗೆ

ಬಸ್ ನಿಲ್ದಾಣದ ಸ್ವಚ್ಛತಾ ವಿಭಾಗದ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ವ್ಯಾಪಾರ ಬಹಳ ಜೋರಾಗಿದೆ. ಇದೇ ನನ್ನ ದೂರು. ನಿಲ್ದಾಣದ ಗಂಡಸರ ಮೂತ್ರಾಲಯದ ಬೇಸಿನ್‌ಗಳೆಲ್ಲ ಕಟ್ಟಿಕೊಂಡು ನೀರು ಹೊಸ್ತಿಲು ದಾಟಿದ ದಿನದಿಂದ, ಎದುರು ಸಾಲಿನಲ್ಲಿರುವ ನನ್ನ ಸಲೂನಿನಲ್ಲಿ ಕಾಲಿಡಲು ಜಾಗವಿಲ್ಲ. ಅಂಗಡಿಯ ಹಿಂಭಾಗದಲ್ಲಿ ನಮ್ಮದೊಂದು ಪುಟ್ಟ ಶೌಚಾಲಯವಿದೆ, ಅದು ಗಿರಾಕಿಗಳಿಗೆ ಮಾತ್ರ. ಹಾಗಾಗಿ ಪ್ರಯಾಣಿಕರೆಲ್ಲ ಗಿರಾಕಿಗಳಾಗಿಬಿಟ್ಟಿದ್ದಾರೆ. ಬೆಳಿಗ್ಗೆ ಗಡ್ಡ ಬೋಳಿಸಿಕೊಂಡವರು ಮಧ್ಯಾಹ್ನ ಮತ್ತೆ ಬಂದು ಕೆನ್ನೆ ಒಡ್ಡುತ್ತಾರೆ. ಟ್ರಿಪ್ಪಿಗೊಂದು ಶೇವ್ ಮಾಡಿಸಿಕೊಂಡು ಒಬ್ಬ ಕಂಡಕ್ಟರ್ ಮುಖ ಸಿಪ್ಪೆ ಸುಲಿದ ಆಲೂಗಡ್ಡೆಯಂತಾಗಿದೆ. ತಲೆಯಲ್ಲಿ ಒಂದೆಳೆ ಕೂದಲಿಲ್ಲದ ನಿವೃತ್ತ ಮೇಷ್ಟ್ರೊಬ್ಬರು ಬಂದು ಸಂಕೋಚದಿಂದ ಕಟಿಂಗ್ ಕೇಳಿದರು. ನನ್ನ ಜೊತೆ ಕೆಲಸ ಮಾಡುವ ನಮ್ಮಪ್ಪ, ಅವರ ಮರ್ಯಾದೆ ಉಳಿಸಲೆಂದು ಬಟ್ಟೆ ಹೊದಿಸಿ, ಬೋಳುತಲೆಯ ಸುತ್ತ ಬರೀ ಗಾಳಿಯಲ್ಲಿ ಕತ್ತರಿ ಆಡಿಸಿದರು. ಮೇಷ್ಟ್ರು ಕನ್ನಡಿ ನೋಡಿಕೊಂಡು, ಹಿಂದುಗಡೆ ಇನ್ನೂ ಸ್ವಲ್ಪ ತೆಗೆಯಬಹುದಿತ್ತು ಎಂದು ಹೇಳಿ ಹೋದರು.

ತಾವು ಏನೂ ಮಾಡಲಿಲ್ಲ ಎಂದು ನಾನು ಆರೋಪಿಸುವುದಿಲ್ಲ. ತಾವು ಮಾಡಿದ್ದೇ ಕಷ್ಟಕ್ಕಿಟ್ಟುಕೊಂಡಿದೆ. ಬೇಸಿನ್ನಿನ ತೂತಿನ ಮೇಲೆ ಕಸ ತಡೆಯಲು ಕೂರಿಸಿದ್ದ ಸ್ಟೀಲ್ ಜಾಲರಿಗಳಲ್ಲಿ ಒಂದು ಕಳುವಾಯಿತೆಂದು, ಉಳಿದವನ್ನೆಲ್ಲ ಬಿಚ್ಚಿಸಿ ತಮ್ಮ ಕಚೇರಿಯ ಬೀರುವಿನಲ್ಲಿಟ್ಟು ಬೀಗ ಜಡಿದಿರಿ. ಅವು ಅಲ್ಲಿ ಕ್ಷೇಮವಾಗಿವೆ ಎಂದು ನಂಬಿದ್ದೇನೆ. ಬುಟ್ಟಿಯಿದ್ದರೆ ತಾನೇ ಜನ ಕಸ ಹಾಕುವುದು ಎಂದು ಕಸದ ಬುಟ್ಟಿಯನ್ನೂ ಎತ್ತಿಸಿದಿರಿ. ಕೈಯಲ್ಲಿ ಸಿಗರೇಟಿನ ತುಂಡನ್ನೋ ಖಾಲಿ ಟೀ ಕಪ್ಪನ್ನೋ ಹಿಡಿದುಕೊಂಡು ಒಳಬಂದ ಮನುಷ್ಯ ಅದನ್ನು ಮನೆಗೆ ಒಯ್ದು ಹೆಂಡತಿಗೆ ಕೊಡಬೇಕೇ? ಪೈಪು ಕಟ್ಟಿಕೊಂಡಾಗ ತಾವು ಪ್ರತಿ ಬೇಸಿನ್ನಿನ ಮೇಲೂ ‘ಇದರೊಳಗೆ ಕಾಗದ ಹಾಕಬಾರದು’ ಎಂಬ ಕಾಗದ ಅಂಟಿಸಿದಿರಿ. ತೇವದ ಗೋಡೆ, ಸಂಜೆಯೊಳಗೆ ಕಾಗದಗಳು ಕಳಚಿ ನೇರವಾಗಿ ಬೇಸಿನ್ನಿಗೇ ಬಿದ್ದವು. ಮತ್ತೆ ಕಟ್ಟಿಕೊಂಡಿತು. ಮತ್ತೆ ಅಂಟಿಸಿದಿರಿ, ಈ ಸಲ ಇನ್ನೂ ದಪ್ಪ ಕಾಗದ, ಇನ್ನೂ ದೊಡ್ಡ ಅಕ್ಷರ. ಕೊನೆಗೆ ಪೈಪಿಗೆ ಸರಳು ಬಿಟ್ಟು ಎಳೆದಾಗ ಹೊರಬಂದ ಮುದ್ದೆಯ ಮೇಲೆ ತಮ್ಮ ಸಹಿ ಸ್ಪಷ್ಟವಾಗಿತ್ತು. ಜನರ ಕಸ ಕಾಲುಭಾಗ, ತಮ್ಮ ಇಲಾಖೆಯದು ಮುಕ್ಕಾಲು. ಅದನ್ನು ನೋಡಿದ ತಾವು, ಈ ಜನರಿಗೆ ಓದಲು ಬರುವುದಿಲ್ಲ ಎಂದು ಬೇಸರಪಟ್ಟುಕೊಂಡು ಮತ್ತೆ ಅಂಟಿಸಿದಿರಂತೆ. ಮರುದಿನವೇ ಮತ್ತೆ ಕಟ್ಟಿಕೊಂಡಿತು.

ನಾನೂ ಇದನ್ನೆಲ್ಲ ಗಿರಾಕಿಗಳಿಗೆ ಹೇಳಿಕೊಂಡು ನಗುತ್ತಿದ್ದೆ, ಕಳೆದ ಸೋಮವಾರದವರೆಗೆ. ನಮ್ಮಪ್ಪನಿಗೆ ವಯಸ್ಸಾಗಿದೆ. ಬಂದಾಗ ತಡೆಹಿಡಿಯಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆದರೆ ನಮ್ಮದೇ ಅಂಗಡಿಯಲ್ಲಿ ಅವರೂ ಸಾಲಿನಲ್ಲಿ ನಿಲ್ಲಬೇಕಾಗಿದೆ. ಅಂದು ಅವರ ಸರದಿ ಬರುವ ಹೊತ್ತಿಗೆ ಸರಿಯಾಗಿ ತಾವು ಫೈಲನ್ನು ಹೊಟ್ಟೆಗೆ ಒತ್ತಿಕೊಂಡು, ಬಿರಬಿರನೆ ಒಳಬಂದಿರಿ. ತಪಾಸಣೆಗೆ ಬಂದವರಲ್ಲ ಎಂದು ತಮ್ಮ ನಡಿಗೆಯೇ ಹೇಳುತ್ತಿತ್ತು. ಸಾಲು ಇದೆ ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಪಕ್ಕಕ್ಕೆ ಸರಿದರು.

“ಸಾಹೇಬ್ರು ಮೊದ್ಲು ಹೋಗ್ಲಿ ಬಿಡೋ, ಅವ್ರಿಗೂ ಅವಸರ ಇರುತ್ತೆ.”

ತಾವು ಒಳಗೆ ಹೋಗಿ ಫೋನಿನಲ್ಲಿ ಮಾತಾಡತೊಡಗಿದಿರಿ. ಹೊಸ ಸೂಚನೆಯ ಅಕ್ಷರ ಕೆಂಪಿರಬೇಕೋ ನೀಲಿಯಿರಬೇಕೋ ಎಂಬ ಚರ್ಚೆ ನಮಗೆಲ್ಲ ಕೇಳಿಸುತ್ತಿತ್ತು. ಅಪ್ಪ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. ಎರಡು ಸಲ ಬಾಗಿಲು ತಟ್ಟಿದೆ. ತಾವು ನೀಲಿ ಎಂದು ತೀರ್ಮಾನಿಸುವಷ್ಟರಲ್ಲಿ ಅವರಿಂದ ತಡೆಯಲಾಗಲಿಲ್ಲ. ಗಿರಾಕಿಗಳು ಪಾಪ, ಮುಖ ತಿರುಗಿಸಿಕೊಂಡರು. ಆದರೆ ಸಲೂನಿನಲ್ಲಿ ಯಾವ ಕಡೆ ತಿರುಗಿದರೂ ಕನ್ನಡಿ. ತಾವು ಹೊರಬಂದು, ಪ್ಯಾಂಟಿನ ಅಂಚು ಎತ್ತಿಕೊಂಡು ನನಗೆ ಹೇಳಿದ್ದು ನೆನಪಿದೆಯೇ?

“ನೆಲ ಒದ್ದೆಯಾಗಿದೆಯಲ್ರೀ. ಒಂದು ಬೋರ್ಡ್ ಹಾಕ್ಸಿ.”

ಅಪ್ಪ ಯಾರಿಗೂ ಬಿಡದೆ ಸ್ವತಃ ನೆಲ ಒರೆಸಿ, ಹಿಂಬಾಗಿಲಿನಿಂದ ಮನೆಗೆ ಹೋದರು. ಅಂದಿನಿಂದ ಅಂಗಡಿಗೆ ಬಂದಿಲ್ಲ. ಕರೆದರೆ, ಕೈ ನಡುಗುತ್ತೆ ಕಣೋ ಎನ್ನುತ್ತಾರೆ. ಅವರ ಕೈ ನಡುಗುವುದಿಲ್ಲ, ಮಾನ್ಯರೇ. ನಿನ್ನೆ ತಾನೇ ನನ್ನ ಮಗಳ ಕೂದಲನ್ನು ಗೆರೆ ಎಳೆದ ಹಾಗೆ ಕತ್ತರಿಸಿದ್ದಾರೆ. ಅವರಿಗೆ ನಾಚಿಕೆ. ತಪ್ಪು ತಮ್ಮದು, ನಾಚಿಕೆ ಅವರದು. ಇದನ್ನು ನೆನೆದರೆ ನನಗೆ ಸಿಟ್ಟು ಬರುತ್ತದೆ, ಅಳುವೂ ಬರುತ್ತದೆ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಬೀರುವಿನ ಬೀಗ ತೆಗೆದು ಜಾಲರಿಗಳನ್ನು ಮೊದಲಿದ್ದಲ್ಲಿ ಕೂರಿಸಿ, ಭದ್ರವಾಗಿ ಸ್ಕ್ರೂ ಹಾಕಿಸಿ. ಬಾಗಿಲಲ್ಲೇ ಕಸದ ಬುಟ್ಟಿಯಿಡಿಸಿ, ತುಂಬುವ ಮೊದಲೇ ಖಾಲಿ ಮಾಡಿಸಿ. ಗೋಡೆಯ ಮೇಲಿನ ಸೂಚನೆಗಳನ್ನೆಲ್ಲ ಕಿತ್ತು ಆ ಬುಟ್ಟಿಗೆ ಹಾಕಿ. ಮೂತ್ರಾಲಯ ಸರಿಯಾದ ದಿನ ಉದ್ಘಾಟನೆಗೆ ಮಂತ್ರಿಗಳು ಬೇಡ, ರಿಬ್ಬನ್ ಬೇಡ. ನಮ್ಮ ಮನೆಗೆ ಬಂದು ಅಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗಿ, ಮೊದಲು ಅವರನ್ನು ಒಳಗೆ ಕಳಿಸಿ. ಅವರಿಗೆ ಸ್ವಲ್ಪ ಹೊತ್ತು ಹಿಡಿಯುತ್ತದೆ. ಅವರು ಹೊರಬರುವವರೆಗೆ, ತಮಗೆಷ್ಟೇ ಅವಸರವಿರಲಿ, ತಾವು ಬಾಗಿಲಲ್ಲಿ ಕಾಯಬೇಕು.

ಇಂತಿ,
ತಮ್ಮ ಕೃಪೆಯಿಂದ ಕೈತುಂಬ ಕೆಲಸವಿರುವ, ಪಕ್ಕದಲ್ಲಿ ಅಪ್ಪನಿಲ್ಲದ,
ಎದುರು ಸಾಲಿನ ಸಲೂನಿನವ