ಇರುವೆಪಾಳಿ

ಕರಿಗುಡ್ಡ,
ದೊಡ್ಡಬೂದಿಯಾದ ಮೂರನೆಯ ತಲೆಮಾರು, ತರಗುದುರುವ ತಿಂಗಳು.

ಮುತ್ತಜ್ಜ ಮುತ್ತಜ್ಜಿಯರಾದ ನಿಮಗೆ ಕೇತಿಯ ಮಗಳು ಕುಂಬಿ ಮಾಡುವ ನಮಸ್ಕಾರ. ಮೇಲಿನ ತಾರೀಖು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ಉದುರಲು ತರಗೆಲೆಯೇ ಇಲ್ಲದಿದ್ದರೂ ತಿಂಗಳಿನ ಹೆಸರು ಮಾತ್ರ ಉಳಿದುಕೊಂಡಿದೆ. ನನ್ನ ಕೆಲವು ಮಾತುಗಳು ವಿಚಿತ್ರವೆನಿಸಿದರೆ ಮನ್ನಿಸಿ. ನಮಗೆ ಬಂದ ಬದುಕಿಗೆ ಹಳೆಯ ಮಾತು ಸಾಲಲಿಲ್ಲ. ಈ ಕಾಗದವನ್ನು ಬಡಗಣ ಬಂಡೆಯ ಬಿರುಕಿನಲ್ಲಿ ಇಡುತ್ತೇನೆ. ನಿಮ್ಮ ಕಾಲದಲ್ಲೂ ನಮ್ಮ ಕಾಲದಲ್ಲೂ ಇರುವುದು ಆ ಬಂಡೆಯೊಂದೇ. ನಾಳೆ ಬೆಳಗಾದರೆ ನನ್ನ ಕುರುಡು ತಾಯಿಯ ಕೈಗೆ ಒಂದು ಗಿಡ ಮುಟ್ಟಿಸಬೇಕು. ಈ ಗುಡ್ಡದಲ್ಲಿ ಹುಲ್ಲು ಬಿಟ್ಟರೆ ಏನೂ ಇಲ್ಲ.

ನಮ್ಮಲ್ಲಿ ಇರುವೆಪಾಳಿ ಎಂಬ ಕೆಲಸವಿತ್ತು. ಮಳೆಗೆ ಮುಂಚೆ ಮನೆಗೊಬ್ಬರಂತೆ ಮಂಡಿಯೂರಿ ತೆವಳುತ್ತ, ಬೀಜಗಳನ್ನು ಬೆರಳಿನಿಂದ ಮಣ್ಣಿಗೆ ತಳ್ಳುವುದು. ಕಲ್ಲುಸಂದಿಯಲ್ಲಿ ಉಳಿದಿದ್ದ ಕಡೆಯ ಗಿಡಗಳಿಂದ ಆಯ್ದು ಸೋರೆಬುರುಡೆಯಲ್ಲಿ ಕೂಡಿಟ್ಟ ಬೀಜಗಳವು. ಆ ಗಿಡಗಳೂ, ನಾವು ತಳ್ಳಿದ್ದರಲ್ಲಿ ಮೊಳೆತ ಒಂದೆರಡೂ ಆಮೇಲೆ ಒಣಗಿದವು. ನಿಮ್ಮ ಕಾಲದಲ್ಲಿ ಈ ಕೆಲಸವನ್ನು ಯಾರಿಂದಲೂ ಹೇಳಿಸಿಕೊಳ್ಳದೆ ಇರುವೆಗಳೇ ಮಾಡುತ್ತಿದ್ದವಂತೆ. ಹರಳುಬೀಜದ ಮೂಗಿನಲ್ಲಿರುವಂಥ ಮೆತ್ತನೆಯ ತುಣುಕಿನ ಆಸೆಗೆ ಬೀಜವನ್ನು ಗೂಡಿಗೆ ಹೊತ್ತು, ತುಣುಕನ್ನು ತಿಂದು, ಬೀಜವನ್ನು ಕಸದ ಮೂಲೆಗೆ ಎಸೆಯುತ್ತಿದ್ದವಂತೆ. ಆ ಕಸದಲ್ಲೇ ಕಾಡು ಮೊಳೆಯುತ್ತಿತ್ತು.

ಬೆಂಕಿ ನಿಮಗೇನೂ ಹೊಸದಲ್ಲ. ಚಳಿ ಮುಗಿಯುವ ಹೊತ್ತಿಗೆ ಹಿರಿಯರು ಹಾಕುತ್ತಿದ್ದ ತರಗುಬೆಂಕಿ ಮೇಲುಮೇಲೆ ಓಡಿಹೋಗುತ್ತಿತ್ತು, ನೆಲದಾಳದ ಗೂಡುಗಳು ತಣ್ಣಗೇ ಇರುತ್ತಿದ್ದವು. ನಾವು ದೊಡ್ಡಬೂದಿ ಎನ್ನುವ ಬೆಂಕಿ ಹಾಗಲ್ಲ. ಅದು ನಡುಬೇಸಿಗೆಯಲ್ಲಿ ಆಳೆತ್ತರದ ಲಂಟಾನಕ್ಕೆ ಹಿಡಿದು, ಬಿದ್ದ ದಿಮ್ಮಿಗಳಲ್ಲಿ ದಿನಗಟ್ಟಲೆ ಕೂತು, ನೆಲವನ್ನೇ ಹೆಂಚಿನಂತೆ ಸುಟ್ಟಿತು. ಎಲೆ ಹೊಲಿದು ಗೂಡು ಕಟ್ಟುವ ಚಗಳಿ, ಕೊಳೆತ ಮರದೊಳಗಿನ ಸಣ್ಣ ಕಪ್ಪಿರುವೆ, ತರಗಿನಡಿ ಓಡಾಡುವವು, ಎಲ್ಲವೂ ಹೋದವು. ಸತ್ತ ಹುಳಹುಪ್ಪಟೆ ಎತ್ತುವವರು ಇಲ್ಲವಾದರು. ಮಣ್ಣಿಗೆ ತೂತು ಕೊರೆಯುವವರಿಲ್ಲದೆ ಮಳೆನೀರು ಇಂಗದೆ ಜಾರಿಹೋಯಿತು.

ನಾನು ಮದುವೆಯ ವಯಸ್ಸಿನವಳಾಗಿದ್ದಾಗ ಒಂದು ದಿನ ಅವ್ವ ಬಂಡೆಯ ಮೇಲಿನಿಂದ ಕೂಗಿದಳು: "ಇರ್ವೆ ಬಂದೋ ಕಣ್ರವ್ವಾ! ನಮ್ ಮಂಡಿಗೆ ಇನ್ ಬುಡುಗಡೆ!" ಗುಡ್ಡಕ್ಕೆ ಗುಡ್ಡವೇ ಓಡಿತು. ಬೋಳು ನೆಲದ ಮೇಲೆ, ಸುಡುವ ಬಿಸಿಲಿನಲ್ಲಿ, ಸಾಲುಸಾಲು ಇರುವೆ. ಕೆಳಗಿನೂರಿನಿಂದ ಹೊತ್ತು ತಂದ ರಾಗಿಹಿಟ್ಟಿನಲ್ಲಿ ರಂಗೋಲಿ ಎಳೆದು, ಕೈಮುಗಿದು, ಬುರುಡೆಗಳಲ್ಲಿದ್ದ ಬೀಜವನ್ನೆಲ್ಲ ಗೂಡಿನ ಬಾಗಿಲಿಗೆ ಸುರಿದೆವು. "ನಿಮ್ ಕೆಲ್ಸ ನೀವೇ ಇಸ್ಕಳಿ, ತಾಯಂದ್ರಾ" ಎಂದು ಅವ್ವ ಅಡ್ಡಬಿದ್ದಳು. ಅಷ್ಟು ಸಂತೋಷವನ್ನು ಅವಳ ಮುಖದಲ್ಲಿ ನಾನು ಮತ್ತೆಂದೂ ಕಾಣಲಿಲ್ಲ.

ಇರುವೆಯೆಂದರೆ ಇರುವೆ ಎಂದುಕೊಂಡಿದ್ದೆವು. ಬಂದದ್ದು ಬೋಳುನೆಲವನ್ನೇ ಮೆಚ್ಚುವ, ಬೀಜವನ್ನೇ ಅರೆದು ತಿನ್ನುವ ಜಾತಿ. ಬೇಲಿಯೇ ಎದ್ದು ಹೊಲ ಮೇಯಿತು ಎನ್ನಲೂ ಬಾಯಿ ಬರುವುದಿಲ್ಲ; ಪಾಪ, ಅವು ತಮ್ಮ ಹೊಟ್ಟೆ ನೋಡಿಕೊಂಡವು. ಗೂಡಿನ ಸುತ್ತ ಸಿಪ್ಪೆಯ ಗುಡ್ಡೆ ಕಂಡ ದಿನ ನಮ್ಮಲ್ಲಿ ಯಾರೂ ಒಲೆ ಹಚ್ಚಲಿಲ್ಲ.

ಅಷ್ಟರಲ್ಲಿ ಬೂದಿಗಾಳಿ ಅವ್ವನ ಕಣ್ಣು ತೆಗೆದಿತ್ತು. ಸಿಪ್ಪೆ ಅವಳಿಗೆ ಕಾಣಲಿಲ್ಲ. "ಮೊಳ್ತವಾ ಕುಂಬಿ?" ಎಂದು ಕೇಳಿದಳು. ಹೂಂ ಅಂದೆ. ಪ್ರತಿ ಮಳೆಗೂ ಅವಳು ಕೇಳಿದಳು, ಪ್ರತಿ ಮಳೆಗೂ ನಾನು ಗಿಡವನ್ನು ಇಷ್ಟಿಷ್ಟು ಬೆಳೆಸಿ ಹೇಳಿದೆ. ಅವಳ ಮನಸ್ಸಿನಲ್ಲಿ ಅದೀಗ ನನ್ನೆತ್ತರ ಬೆಳೆದು ನೆರಳು ಕೊಡುತ್ತಿದೆ. ಮೊನ್ನೆಯಿಂದ ಅವಳಿಗೆ ಗಂಜಿ ಇಳಿಯುತ್ತಿಲ್ಲ. ಸಾಯುವ ಮೊದಲು ಒಂದು ಸಲ ಆ ಎಲೆ ಮುಟ್ಟಬೇಕಂತೆ. ಹೊತ್ತುಕೊಂಡು ಹೋಗುತ್ತೇನೆಂದು ಮಾತು ಕೊಟ್ಟುಬಿಟ್ಟಿದ್ದೇನೆ.

ನಿಮ್ಮನ್ನು ಬೈಯಲು ಬರೆಯುತ್ತಿಲ್ಲ. ನಡುಬೇಸಿಗೆಯಲ್ಲಿ ಕಡ್ಡಿ ಗೀರುವ ಮುನ್ನ ಒಂದು ಕೊಳೆತ ದಿಮ್ಮಿಯನ್ನು ಮೆಲ್ಲಗೆ ಮಗುಚಿ, ಒಳಗೆ ಯಾರ ಸಂಸಾರವಿದೆಯೆಂದು ನೋಡಿ. ಗುಡ್ಡವನ್ನೆಲ್ಲ ಉಳಿಸಿಕೊಡಿ ಎಂದು ಕೇಳಲು ನನಗೆ ಧೈರ್ಯವಿಲ್ಲ. ಬಡಗಣ ಬಂಡೆಯ ಪಕ್ಕದ ಒಂದೇ ಒಂದು ದಿಮ್ಮಿಗೆ ಬೆಂಕಿ ತಾಗದಂತೆ ನೋಡಿಕೊಳ್ಳಿ, ಸಾಕು. ಅದರೊಳಗಿನ ಇರುವೆಗಳು ಉಳಿದರೆ ಅವು ಎಸೆದ ಒಂದು ಬೀಜವಾದರೂ ಅಲ್ಲಿ ಮೊಳೆತೀತು. ನಾಳೆ ಅವ್ವನನ್ನು ಅಲ್ಲಿಗೇ ತರುತ್ತೇನೆ. ಅವಳ ಕೈ ಹಿಡಿದು ಮುಂದಕ್ಕೆ ಚಾಚುತ್ತೇನೆ. ಅಲ್ಲಿ ಏನಾದರೂ ಇರುವಂತೆ ಮಾಡಿ.