ಹೊನ್ನೂರಮ್ಮನ ಬಿಸಿಲು

ಸಿರುಗುಪ್ಪ
18 ನವೆಂಬರ್ 2025, ಮಂಗಳವಾರ

ನನ್ನ ವೀರೇಶನಿಗೆ ಅತ್ತಿಗೆಯ ಆಶೀರ್ವಾದ.

ಹೇಗಿದ್ದೀಯಪ್ಪ? ಮಿರ್ಯಾಲಗೂಡದ ನೀರು ಒಗ್ಗಿತೋ ಇಲ್ಲವೋ. ಲಾರಿ ಓಡಿಸುವ ಹುಲುಗೇಶ್ ಹೋದ ವಾರ ಅಲ್ಲಿಯ ರೈಸ್ ಮಿಲ್ಲಿಗೆ ಹೋಗಿದ್ದಾಗ ನಿನ್ನನ್ನು ನೋಡಿದನಂತೆ. ಅಕ್ಕಿಯಲ್ಲಿ ಕಪ್ಪು ಕಾಳು ಆರಿಸುವ ದೊಡ್ಡ ಯಂತ್ರವನ್ನು ಬಿಚ್ಚಿ ಹರವಿಕೊಂಡು ಕೂತಿದ್ದೆಯಂತೆ. ಬಹಳ ಇಳಿದಿದ್ದೀಯ ಅಂದ. ತೌಡಿನ ದೂಳಿಗೆ ನಿನಗೆ ಮೊದಲಿನಿಂದ ಕೆಮ್ಮು ಬರುತ್ತದೆ, ಮೂಗಿಗೆ ಬಟ್ಟೆ ಕಟ್ಟಿಕೊಂಡು ಕೆಲಸ ಮಾಡು. ಬೆಳಿಗ್ಗೆ ಏನಾದರೂ ತಿಂದು ಹೋಗುತ್ತೀಯೋ, ಬರೀ ಚಹಾ ಕುಡಿದು ಹೋಗುತ್ತೀಯೋ, ಅದನ್ನು ಹುಲುಗೇಶ್‌ಗೆ ಕೇಳಲು ಮರೆತೆ.

ನಾನು ಚೆನ್ನಾಗಿದ್ದೇನೆ. ಬಿ.ಪಿ. ಮಾತ್ರೆ ತಪ್ಪಿಸುತ್ತಿಲ್ಲ. ನಿಮ್ಮಣ್ಣ ಹೋಗಿ ಐದು ತಿಂಗಳಾಯಿತು. ಮಣ್ಣಿಗೆ ನೀನು ಬಂದೆ, ಮೂರು ಹಿಡಿ ಮಣ್ಣು ಹಾಕಿದೆ, ನನ್ನ ಕಡೆ ನೋಡದೆ ಬಂದ ದಾರಿಯಲ್ಲೇ ಹೋದೆ. ಅದಕ್ಕೆ ನನಗೆ ಸಿಟ್ಟಿಲ್ಲ. ಆವತ್ತು ನೀನು ನನ್ನನ್ನು ಮಾತಾಡಿಸಿದ್ದರೆ ನಾನು ಏನು ಹೇಳುತ್ತಿದ್ದೆನೋ ನನಗೇ ಗೊತ್ತಿಲ್ಲ. ರಿಪೇರಿ ಅಂಗಡಿಯಲ್ಲಿ ನಿಮ್ಮಣ್ಣ ಬರೆಯದೆ ಬಿಟ್ಟ ನೋಟ್‌ಬುಕ್ಕುಗಳು ಏಳೆಂಟು ಉಳಿದಿದ್ದವು. ಅವುಗಳಲ್ಲಿ ದಿನಾ ಒಂದಿಷ್ಟು ಬರೆಯುತ್ತಿದ್ದೇನೆ. ಏನು ಅಡಿಗೆ ಮಾಡಿದೆ, ಯಾರು ಬಂದರು, ಕಾಲುವೆಗೆ ನೀರು ಬಿಟ್ಟರೋ ಇಲ್ಲವೋ, ಇಂಥವು. ಏಳನೇ ತರಗತಿ ಓದಿದವಳ ಬರಹ, ಯಾರಿಗೂ ತೋರಿಸುವಂಥದ್ದಲ್ಲ. ಆದರೆ ಬರೆದರೆ ಹೊತ್ತು ಹೋಗುತ್ತದೆ. ಈಗ ಬರೆಯಲಿರುವ ವಿಷಯವನ್ನು ನಿನಗೆ ಫೋನಿನಲ್ಲಿ ಹೇಳಬಹುದಿತ್ತು, ಹುಲುಗೇಶ್ ನಿನ್ನ ನಂಬರ್ ತಂದುಕೊಟ್ಟಿದ್ದಾನೆ. ಫೋನಿನಲ್ಲಾದರೆ ನಾನು ಊಟ ಆಯ್ತಾ ಅಂತ ಕೇಳಿ, ಅತ್ತು, ಇಟ್ಟುಬಿಡುತ್ತೇನೆ. ಅದಕ್ಕೇ ಕಾಗದ.

ವಿಷಯ ಇದು. ಬಳ್ಳಾರಿಯ ಕಾಲೇಜೊಂದರಲ್ಲಿ ಪಾಠ ಮಾಡುವ ಅನಿತಾ ಮೇಡಂ ಅಂತ ಒಬ್ಬರು ಹೋದ ತಿಂಗಳು ಮನೆ ಹುಡುಕಿಕೊಂಡು ಬಂದರು. ಮೋಕದಲ್ಲಿ ಅವರ ಸೋದರಮಾವನ ಮನೆಯಲ್ಲಿ ಭತ್ತದ ಹಸಿ ಅಳೆಯಲು ನಾವು ಮೊದಮೊದಲು ಮಾಡಿದ ಮೀಟರ್ ಒಂದು ಇನ್ನೂ ಓಡುತ್ತಿದೆಯಂತೆ. ಅದನ್ನು ಕಾಲೇಜಿಗೆ ಒಯ್ದು, ಭತ್ತವನ್ನು ಒಲೆಯಂಥ ಪೆಟ್ಟಿಗೆಯಲ್ಲಿಟ್ಟು ಒಣಗಿಸಿ, ಮೊದಲು ಎಷ್ಟು ತೂಗುತ್ತಿತ್ತು ಆಮೇಲೆ ಎಷ್ಟು ತೂಗಿತು ಅಂತ ನೋಡಿ, ಮೀಟರ್ ಹೇಳಿದ್ದು ಸರಿಯಿದೆ ಅಂತ ಖಾತ್ರಿ ಮಾಡಿಕೊಂಡಿದ್ದಾರೆ. ದೊಡ್ಡ ಓದು ಓದದವರು ಕಂಡುಹಿಡಿದ ಉಪಕರಣಗಳನ್ನು ಹೆಸರು ಸಮೇತ ದಾಖಲು ಮಾಡುವ ಒಂದು ಅರ್ಜಿ ಇದೆಯಂತೆ. ಅದರಲ್ಲಿ ನಮ್ಮ ಮೀಟರ್ ಸೇರಿಸುತ್ತಾರೆ. ಕಾಲೇಜಿನ ಮಕ್ಕಳ ಕೈಯಿಂದ ಹೊಸದಾಗಿ ಮಾಡಿಸಿ ರೈತ ಸಂಘಗಳಿಗೂ ಕೊಡುತ್ತಾರೆ. ಅರ್ಜಿಯಲ್ಲಿ ತಯಾರಿಸಿದವರು ಅಂತ ಇರುವ ಕಡೆ ಎರಡು ಗೆರೆ ಇವೆ. ಮೊದಲನೆಯದರಲ್ಲಿ ಮರಿಬಸಪ್ಪ ಅಂತ ನಿಮ್ಮಣ್ಣನ ಹೆಸರು ಬರೆದಾಯಿತು. ಎರಡನೆಯದು ಖಾಲಿ ಇದೆ. ಅಲ್ಲಿ ನಿನ್ನ ಹೆಸರು ಬರಬೇಕು. ಅದಕ್ಕೆ ನಿನ್ನ ಸಹಿ ಬೇಕು, ನೀನು ಇಲ್ಲಿಗೇ ಬಂದು ಮಾಡಬೇಕು. ಇದೇ ಇಪ್ಪತ್ತೆಂಟು, ಶುಕ್ರವಾರ, ಕೊನೆಯ ದಿನ. ನೀನು ಒಪ್ಪದಿದ್ದರೆ ಒಂದೇ ಹೆಸರಿನಲ್ಲಿ ಅರ್ಜಿ ಹೋಗುತ್ತದೆ. ಬಜಾರಿನಲ್ಲಿ ಮೇಡಂ ವಿಚಾರಿಸಿದಾಗ ಯಾರೋ, ಮರಿಬಸಪ್ಪನ ತಮ್ಮ ಮೀಟರ್ ಕೆಡಿಸಿ ಓಡಿಹೋದ ಅಂದರಂತೆ. ಅವರು ನನ್ನನ್ನು ಕೇಳಿದ ಮೊದಲ ಮಾತು ಅದೇ. ಹೌದಾ ಅಮ್ಮಾ, ಅಂತ.

ನೀನು ಕೆಡಿಸಲಿಲ್ಲ ಅನ್ನುವುದನ್ನು ನಿನಗೆ ನಾನೇನು ಹೇಳುವುದು. ಆದರೆ ಯಾರು ಕೆಡಿಸಿದರು ಅನ್ನುವುದು ನಿನಗೆ ಗೊತ್ತಿಲ್ಲ.

ಮೀಟರ್ ಹುಟ್ಟಿದ ದಿನ ನೆನಪಿದೆಯಾ? ನೀನು ಐ.ಟಿ.ಐ. ಮುಗಿಸಿ ರೇಡಿಯೋ, ಟೀವಿ ರಿಪೇರಿಗೆ ಅಣ್ಣನ ಪಕ್ಕ ಕೂತ ವರ್ಷ ಅದು. ಸ್ಟೀಲ್ ಲೋಟದ ನಡುವೆ ತಾಮ್ರದ ಕೊಳವೆ ನಿಲ್ಲಿಸಿ, ಎರಡರ ಸಂದಿಯಲ್ಲಿ ಭತ್ತ ತುಂಬಿ, ವೈರು ಕೊಟ್ಟು, ಹಳೆಯ ಓಲ್ಟ್ ಮೀಟರಿನ ಮುಳ್ಳು ಕುಣಿಸಿದಿರಿ. ಭತ್ತದಲ್ಲಿ ನೀರು ಎಷ್ಟಿದೆಯೋ ಮುಳ್ಳು ಅಷ್ಟು ಏಳುತ್ತದೆ ಅಂತ ನನಗೆ ತಿಳಿಸಿಕೊಟ್ಟವನು ನೀನೇ. ಆದರೆ ನಿಮ್ಮಣ್ಣ ತುಂಬಿದರೆ ಒಂದು ಲೆಕ್ಕ, ನಾನು ತುಂಬಿದರೆ ಇನ್ನೊಂದು ಲೆಕ್ಕ ತೋರಿಸುತ್ತಿತ್ತು. ನೀನು ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಮೇಲೊಂದು ಆಲಿಕೆ ಮಾಡಿದೆ. ಅದರ ಬಾಯಿಗೆ ಸರಿಯುವ ಮುಚ್ಚಳ ಇಟ್ಟೆ. ಭತ್ತ ಆಲಿಕೆಗೆ ಸುರಿದು ಮುಚ್ಚಳ ಎಳೆದರೆ ಯಾರ ಕೈಯಿಂದ ಸುರಿದರೂ ಒಂದೇ ಥರ ಬೀಳಬೇಕು, ಬಿದ್ದಿತು. ಅನಿತಾ ಮೇಡಂ ಅದನ್ನೇ ಹತ್ತು ಸಲ ಎಳೆದೆಳೆದು ನೋಡಿದರು. ಇದನ್ನ ಮಾಡಿದವರು ಯಾರ‍್ರೀ ಅಮ್ಮಾ, ಇದರಾಗ ಐತಿ ಎಲ್ಲಾ, ಅಂದರು. ನಮ್ಮ ಮೈದುನ ಅಂದೆ.

ಇನ್ನು ಮುಳ್ಳಿನ ಕೆಳಗೆ ಗುರುತು ಹಾಕಬೇಕಲ್ಲ. ನಿಮ್ಮಿಬ್ಬರಿಗೂ ಅದೇ ಯೋಚನೆ. ಪರ್ಸೆಂಟು ಅಳೆಯಲು ಬಳ್ಳಾರಿಗೆ ಹೋಗಬೇಕು ಅಂತ ನೀನು, ಅದೆಲ್ಲ ಯಾಕ ಅಂತ ನಿಮ್ಮಣ್ಣ. ನಾನು ಮಾಳಿಗೆಯ ಮೇಲೆ ಒಣಹಾಕಿದ ಭತ್ತದಲ್ಲಿ ಕೈಯಾಡಿಸುತ್ತಿದ್ದೆ. ಅಭ್ಯಾಸದಂತೆ ಒಂದು ಕಾಳು ಬಲದವಡೆಗೆ ಹಾಕಿ ಕಚ್ಚಿ, ಇನ್ನೊಂದೂವರೆ ಬಿಸಲು ಬೇಕು ಅಂದೆ. ಒಂದು ಹಗಲು ಒಣಗಿಸಿದರೆ ಒಂದು ಬಿಸಿಲು, ನಮ್ಮ ಕಡೆ ಹೆಣ್ಣುಮಕ್ಕಳೆಲ್ಲ ಹಾಗೇ ಹೇಳುವುದು. ಕಟ್ ಅಂದರೆ ಚೀಲಕ್ಕೆ ತುಂಬು, ಅಪ್ಪಚ್ಚಿಯಾದರೆ ಇನ್ನೆರಡು ಬಿಸಿಲಿಗೆ ಹಾಕು. ನಿಮ್ಮಣ್ಣ ಪೆನ್ಸಿಲ್ ತೆಗೆದುಕೊಂಡು ಮುಳ್ಳು ನಿಂತಲ್ಲಿ ಒಂದೂವರೆ ಅಂತ ಬರೆದೇಬಿಟ್ಟರು. ಆಮೇಲೆ ಒಂದು ವಾರ ನಾನು ಕಚ್ಚುವುದು, ಅವರು ಗೀಟು ಹಾಕುವುದು. ನಮ್ಮ ಲ್ಯಾಬೋರೇಟರಿ ಅಡಿಗಿ ಮನಿಯಾಗ ಐತಿ ಅಂತ ಬಂದವರಿಗೆಲ್ಲ ಹೇಳಿದರು. ನೀನು ಮಾತ್ರ, ಅತ್ತಿಗಿ, ನಿನ್ನ ಹಲ್ಲಿಗೆ ಐ.ಎಸ್.ಐ. ಮಾರ್ಕ್ ಹೊಡಸ್ಬೇಕು ಅಂತ ನಗಿಸಿದೆ. ರೈತರಿಗೆ ಪರ್ಸೆಂಟು ತಿಳಿಯುತ್ತಿರಲಿಲ್ಲ, ಬಿಸಿಲು ತಿಳಿಯಿತು. ಮೂರು ವರ್ಷ ಒಂದೂ ದೂರು ಬರಲಿಲ್ಲ.

ಆಮೇಲೆ 2019ರ ಸುಗ್ಗಿಗೆ ನೀನೊಬ್ಬನೇ ಬೆಸುಗೆ ಹಾಕಿದ ಹನ್ನೆರಡು ಮೀಟರ್. ಸಿರಿಗೇರಿಯ ಚಿದಾನಂದಪ್ಪ ಅದರಲ್ಲೊಂದನ್ನು ನಂಬಿ ಮೂವತ್ತು ಚೀಲ ತುಂಬಿ, ಹೊಲಿದು, ಒಟ್ಟಿದ. ತಿಂಗಳೊಳಗೆ ಚೀಲ ಬಿಸಿಯಾಗಿ ಭತ್ತ ಮುಗ್ಗಿತು. ಒಂದು ಚೀಲ ಹೊತ್ತು ತಂದು ಅಂಗಡಿ ಮುಂದೆ ಸುರಿದ. ಏನಪಾ ಮರಿಬಸಪ್ಪ, ನಿನ್ನ ಮೀಟ್ರು ಒಣಗೈತಿ ಅಂತೈತಿ, ನನ್ನ ಮೂಗು ಕೊಳತೈತಿ ಅಂತೈತಿ, ಯಾರ ಮಾತು ಕೇಳ್ಲಿ, ಅಂದ. ಮಂದಿ ಸೇರಿದರು. ನಿಮ್ಮಣ್ಣ ಎಂದೂ ದನಿ ಎತ್ತಿದವರಲ್ಲ. ಆವತ್ತು ಅಷ್ಟು ಜನರ ಮುಂದೆ, ಲೇ ವೀರೇಶ, ನಿನ್ನ ಕೈ ಈ ಕೆಲಸಕ್ಕ ಬರಂಗಿಲ್ಲಲೇ, ಅಂದುಬಿಟ್ಟರು. ನೀನು ಬೆಸುಗೆ ಕಡ್ಡಿಯ ಪ್ಲಗ್ ತೆಗೆದು, ಅದು ಆರುವ ತನಕ ಕಾದು, ಡ್ರಾಯರಿನಲ್ಲಿ ಇಟ್ಟು ಹೋದೆ. ಹನ್ನೆರಡನ್ನೂ ಅವರು ವಾಪಸ್ ತರಿಸಿಕೊಂಡರು. ಆಮೇಲೆ ಮೀಟರ್ ಮಾಡಲಿಲ್ಲ.

ಈಗ ಹೇಳುತ್ತೇನೆ. ಆ ಸುಗ್ಗಿಗೆ ಒಂದು ತಿಂಗಳು ಮುಂಚೆ ನನ್ನ ಬಲದವಡೆ ಹಲ್ಲು ಹುಳುಕಾಗಿ, ಕುರುಗೋಡಿನ ಅಕ್ಕನ ಜೊತೆ ಬಳ್ಳಾರಿಗೆ ಹೋಗಿ ಕೀಳಿಸಿಕೊಂಡಿದ್ದೆ. ಮುಖ ಊದಿಕೊಂಡಿತ್ತು, ನೀನೇ ನನಗೆ ಗಂಜಿ ಕಾಯಿಸಿಕೊಟ್ಟಿದ್ದೆ. ಎಡದವಡೆಯೂ ನೋಯುತ್ತಿತ್ತು. ಹಾಗಾಗಿ ಆ ಹನ್ನೆರಡು ಮೀಟರಿಗೆ ಗುರುತು ಹಾಕುವಾಗ ನಾನು ಮುಂದಿನ ಹಲ್ಲಿನಿಂದ ಕಚ್ಚಿ ಹೇಳಿದೆ. ಮುಂದಿನ ಹಲ್ಲು ಹಸಿ ಕಾಳನ್ನೂ ಕಟ್ ಅಂತಲೇ ಮುರಿಯುತ್ತದೆ. ಒಂದು ಬಿಸಿಲು ಬೇಕಾದ ಭತ್ತಕ್ಕೆ ನಾನು ತುಂಬ್ರಿ ಅಂದಿದ್ದೆ. ನಿಮಗಿಬ್ಬರಿಗೂ ಹಲ್ಲು ಕಿತ್ತಿದ್ದು ಗೊತ್ತಿತ್ತು, ಅದನ್ನೂ ಮೀಟರನ್ನೂ ಯಾರೂ ಕೂಡಿಸಿ ನೋಡಲಿಲ್ಲ.

ನನಗೆ ಯಾವಾಗ ತಿಳಿಯಿತು ಅಂತ ನೀನು ಕೇಳುತ್ತೀಯ. ಅದೇ ದಿನ ತಿಳಿಯಿತು, ವೀರೇಶ. ನೀನು ಹೋದ ಮೇಲೆ ಅಂಗಡಿ ಮುಂದೆ ಬಿದ್ದ ಭತ್ತ ಬಾಚುತ್ತಾ, ಮಾಳಿಗೆ ಮೇಲಿನ ಹಸಿ ಭತ್ತ ತಂದು ಮುಂದಿನ ಹಲ್ಲಿಗೆ ಒಂದು, ಅಷ್ಟರಲ್ಲಿ ನೋವು ಹೋಗಿದ್ದ ಎಡದವಡೆಗೆ ಒಂದು ಕಚ್ಚಿ ನೋಡಿದೆ. ಮುಂದೆ ಕಟ್ ಅಂತು, ಹಿಂದೆ ಅಪ್ಪಚ್ಚಿಯಾಯಿತು. ಹೇಳಲಿಲ್ಲ. ಎರಡು ದಿನಕ್ಕೆ ನೀನು ಬರುತ್ತೀಯ, ಆಗ ನಕ್ಕು ಹೇಳಿದರಾಯಿತು ಅಂದುಕೊಂಡೆ. ನೀನು ಬರಲಿಲ್ಲ. ಆಮೇಲೆ ಹೇಳಿದರೆ ಇಷ್ಟು ದಿನ ಯಾಕೆ ಸುಮ್ಮನಿದ್ದೆ ಅಂತ ಕೇಳುತ್ತಾರಲ್ಲ. ಹೀಗೆ ಆರು ವರ್ಷ.

ಇದಕ್ಕಿಂತ ಕಷ್ಟದ್ದು ಇನ್ನೊಂದಿದೆ. ನಿಮ್ಮಣ್ಣನ ನೋಟ್‌ಬುಕ್ಕುಗಳನ್ನು ಅನಿತಾ ಮೇಡಂ ಜೊತೆ ಕೂತು ನೋಡಿದೆ. ನೀನು ಹೋದ ಹತ್ತನೆಯ ದಿನಕ್ಕೇ ಬರೆದಿದ್ದಾರೆ, ವೀರೇಶನ ಬೆಸುಗೆಯಲ್ಲಿ ತಪ್ಪಿಲ್ಲ, ಅಂತ. ಅಡಿಗೆರೆ ಹಾಕಿದ್ದಾರೆ. ಆಮೇಲೆ ಪುಟಗಟ್ಟಲೆ ಹುಡುಕಾಟ. ಸೋನಾ ಭತ್ತದ ತಳಿ ಬದಲಾಯಿತೇ, ಲೋಟದ ಸ್ಟೀಲ್ ಬೇರೆಯೇ, ಕರೆಂಟೇ. ಹನ್ನೆರಡನ್ನೂ ಎಷ್ಟು ಸಲ ಬಿಚ್ಚಿ ಕಟ್ಟಿದ್ದಾರೋ. ಎರಡು ಸಲ ನಿನ್ನ ಹಳೆಯ ನಂಬರಿಗೆ ಫೋನ್ ಮಾಡಿದ್ದನ್ನೂ ತಾರೀಖು ಹಾಕಿ ಬರೆದಿದ್ದಾರೆ, ಹತ್ತಲಿಲ್ಲ ಅಂತ. ಪ್ರತಿ ಪುಟದ ಮೇಲೂ ಹೊ.ಬಿ. ಅಂತ ಒಂದು ಸಾಲು. ಹಂಗಂದ್ರ ಏನ್ರೀ ಅಮ್ಮಾ ಅಂತ ಮೇಡಂ ಕೇಳಿದರು. ಹೊನ್ನೂರಮ್ಮನ ಬಿಸಿಲು. ಅದೊಂದನ್ನು ಮಾತ್ರ ಅವರು ಎಲ್ಲಿಯೂ ಅನುಮಾನಿಸಿಲ್ಲ. ಮೇಡಂ ಹನ್ನೆರಡನ್ನೂ ಅಳೆದು ನೋಡಿ, ಎಲ್ಲವೂ ಒಂದೇ ಬಿಸಿಲಿನಷ್ಟು ತಪ್ಪಿವೆ, ಬೆಸುಗೆ ತಪ್ಪಿದರೆ ಒಂದೊಂದೂ ಒಂದೊಂದು ಥರ ತಪ್ಪಬೇಕಿತ್ತು, ಮೀಟರಿಗೆ ಗುರುತು ಕಲಿಸಿದವರೇ ತಪ್ಪು ಕಲಿಸಿದ್ದಾರೆ ಅಂದರು. ಆಗ ಬಾಯಿ ತೆರೆದು ಹಲ್ಲಿಲ್ಲದ ಜಾಗ ತೋರಿಸಿದೆ.

ಮೊನ್ನೆ ಸಿರಿಗೇರಿಗೂ ಬಸ್ಸಿನಲ್ಲಿ ಹೋಗಿ ಬಂದೆ. ಚಿದಾನಂದಪ್ಪ ಕಟ್ಟೆಯ ಮೇಲೆ ನಾಲ್ಕು ಜನರ ಜೊತೆ ಕೂತಿದ್ದ. ಅವರ ಮುಂದೆಯೇ ಹೇಳಿದೆ. ನಿನ್ನ ಒಂದು ಹಲ್ಲಿಗೆ ನನ್ನ ಮೂವತ್ತು ಚೀಲ ಹೋದ್ವಲ್ಲಬೇ ತಂಗಿ, ಅಂತ ಮೊದಲು ನಕ್ಕ. ಆಮೇಲೆ ನಗು ನಿಲ್ಲಿಸಿ, ಆ ಹುಡುಗನ್ನ ಸುಮ್ಮಸುಮ್ಮನ ಬೈಕೊಂಡು ತಿರಗೀನಿ, ಎಲ್ಲಿ ಅದಾನ, ಬರಾಕ ಹೇಳು, ಅಂದ. ಬಜಾರಿನಲ್ಲೂ ಹೇಳಿದ್ದೇನೆ. ಕೇಳಿದವರಿಗೂ ಕೇಳದವರಿಗೂ. ನಿಮ್ಮಣ್ಣ ಒಬ್ಬರಿಗೆ ಹೇಳುವುದು ಉಳಿಯಿತು, ಅದು ಇನ್ನು ಆಗುವುದಿಲ್ಲ.

ನನ್ನನ್ನು ಕ್ಷಮಿಸು ಅಂತ ಬರೆದು ಎರಡು ಸಲ ಹೊಡೆದುಹಾಕಿದೆ. ಅದನ್ನು ಕಾಗದದಲ್ಲಿ ಕೇಳಿದರೆ ನೀನು ಕಾಗದದಲ್ಲೇ ಕೊಟ್ಟುಬಿಡುತ್ತೀಯ. ಬೈಯುವುದಿದ್ದರೆ ಬೈ, ಅದು ನಿನಗೆ ಬರಬೇಕಾದದ್ದು. ಅರ್ಜಿಯಿಂದ ಮಾತ್ರ ಹೆಸರು ಬಿಡಿಸಿಕೊಳ್ಳಬೇಡ. ಆಲಿಕೆ ನಿನ್ನದು.

ನಿನಗೆ ಒಳ್ಳೆಯದಾಗಲಿ, ಕೈಗೆ ಕೆಲಸ ತಪ್ಪದಿರಲಿ, ಹೊತ್ತಿಗೆ ಸರಿಯಾಗಿ ಉಣ್ಣುವಂತಾಗಲಿ.

ನಿನ್ನ ಅತ್ತಿಗೆ
ಹೊನ್ನೂರಮ್ಮ

ತಾ.ಕ.: ಹುಲುಗೇಶ್ ಲಾರಿ ಚಾಲೂ ಮಾಡಿಕೊಂಡು ಕಾಗದಕ್ಕೆ ಕಾಯುತ್ತಿದ್ದಾನೆ, ಬೇಗ ಬರೆಯುತ್ತಿದ್ದೇನೆ. ಸಹಿಗೆ ನೀನು ಇಲ್ಲಿಗೇ ಬರಬೇಕು ಅಂತ ಮೇಲೆ ಬರೆದೆನಲ್ಲ, ಅದು ಸುಳ್ಳು. ಅರ್ಜಿಯನ್ನು ನಿನ್ನ ಫೋನಿಗೇ ಕಳಿಸುತ್ತಾರಂತೆ, ಅಲ್ಲೇ ಸಹಿ ಮಾಡಿ ಫೋಟೋ ತೆಗೆದು ಕಳಿಸಿದರೆ ಸಾಕು ಅಂತ ಅನಿತಾ ಮೇಡಂ ಹೇಳಿದ್ದಾರೆ. ಅವರ ನಂಬರ್ ಲಕೋಟೆಯ ಹಿಂದೆ ಇದೆ. ಇನ್ನೊಂದು ಸಲ ನಿನ್ನಿಂದ ಮುಚ್ಚಿಡಲಾರೆ. ಸಹಿ ಅಲ್ಲಿಂದಲೇ ಕಳಿಸು. ಕಳಿಸಿದ ಮೇಲೂ ಬರಬೇಕು ಅನ್ನಿಸಿದರೆ, ಬಾ.